ರಿಪೋರ್ಟ್ ‘ಟ್ರಿಪಲ್ ನೆಗೆಟಿವ್’ ಎಂದಿತು: ಕೊಡಗಿನ ಒಂದು ಸ್ತನ ಕ್ಯಾನ್ಸರ್ ಪ್ರಕರಣ

ರೋಗಿಯ ಊರು, ಮನೆಯವರ ಹೆಸರು ಇತ್ಯಾದಿ ಗುರುತು ಹಿಡಿಯಬಹುದಾದ ಸಂಗತಿಗಳನ್ನು ಮರೆಮಾಡಲಾಗಿದೆ. ಆಸ್ಪತ್ರೆ, ಲ್ಯಾಬ್‌ಗಳ ಹೆಸರನ್ನೂ ಕೊಟ್ಟಿಲ್ಲ.

ಹಿನ್ನೆಲೆ

ದಕ್ಷಿಣ ಕೊಡಗಿನ ಒಂದು ರೊಬಸ್ಟಾ ತೋಟದ ಲೈನ್ ಮನೆಯಲ್ಲಿರುವ ಮಹಿಳೆ. ವಯಸ್ಸು 57. ಪಿರಿಯಾಪಟ್ಟಣದ ಕಡೆಯಿಂದ ಬಂದು ತೋಟದಲ್ಲೇ ನೆಲೆ ನಿಂತ ಕುಟುಂಬ. 13ಕ್ಕೆ ಮೈನೆರೆದದ್ದು, 20ಕ್ಕೆ ಮೊದಲ ಹೆರಿಗೆ, ಮೂರು ಮಕ್ಕಳು, ಪ್ರತಿ ಮಗುವಿಗೂ ವರ್ಷಕ್ಕೆ ಮೇಲ್ಪಟ್ಟು ಎದೆಹಾಲು, 50ಕ್ಕೆ ಮುಟ್ಟು ನಿಂತದ್ದು. ತಾಯಿ, ಅಕ್ಕತಂಗಿಯರು, ದೊಡ್ಡಮ್ಮ ಚಿಕ್ಕಮ್ಮಂದಿರಲ್ಲಿ ಯಾರಿಗೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇಲ್ಲ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ. ಮೈತೂಕ ಸ್ವಲ್ಪ ಹೆಚ್ಚು. ಬೇಗ ಹೆರಿಗೆ, ಹೆಚ್ಚು ಮಕ್ಕಳು, ದೀರ್ಘಕಾಲ ಹಾಲೂಡಿಕೆ ಇವೆಲ್ಲ ಅಪಾಯವನ್ನು ತಗ್ಗಿಸುವ ಅಂಶಗಳೆಂದೇ ಪಾಠ. ಆದರೆ ತಗ್ಗಿಸುವುದು ಬೇರೆ, ಇಲ್ಲವಾಗಿಸುವುದು ಬೇರೆ. ಸ್ತನ ಕ್ಯಾನ್ಸರ್ ಬಂದ ಹೆಚ್ಚಿನ ಹೆಂಗಸರ ಮನೆಯಲ್ಲಿ ಮೊದಲು ಯಾರಿಗೂ ಅದು ಬಂದಿರುವುದಿಲ್ಲ.

ಜನವರಿಯಲ್ಲಿ, ಕಾಫಿ ಕುಯ್ಯುವ ಕೆಲಸ ಜೋರಾಗಿದ್ದಾಗ, ಸ್ನಾನ ಮಾಡುವಾಗ ಬಲ ಎದೆಯ ಮೇಲ್ಭಾಗದಲ್ಲಿ, ಕಂಕುಳ ಕಡೆಗೆ, ಏನೋ ಗಟ್ಟಿ ಅನ್ನಿಸಿತ್ತು. ಕುಯ್ದ ಕಾಫಿಯ ತೂಕಕ್ಕೆ ತಕ್ಕಂತೆ ಕೂಲಿ. ರಜೆ ಹಾಕಿದರೆ ಆ ದಿನದ ದುಡ್ಡು ಹೋಯಿತು. ನೋವೂ ಇರಲಿಲ್ಲ. ಜೂನ್‌ನಲ್ಲಿ ಆಶಾ ಕಾರ್ಯಕರ್ತೆ ಸಕ್ಕರೆ, ಬಿಪಿ ನೋಡಲು ಲೈನಿಗೆ ಬಂದಾಗ ಸೊಸೆ ಬಾಯಿಬಿಟ್ಟಳು. ಆಶಾ ಕೇಳಿದ್ದು, “ಗಂಟು ಕೈಗೆ ಸಿಗುತ್ತಾ ಅಕ್ಕಾ?” ಉತ್ತರ: “ಗಂಟಲ್ಲ ಕಣವ್ವಾ, ಒಳಗೆಲ್ಲ ಹಲಗೆ ಆದಂಗಾಗದೆ.”

ಈ ಮಾತು ಆಶಾ ಡೈರಿಯಲ್ಲಿ ‘ಗಂಟು ಇಲ್ಲ’ ಎಂದು ದಾಖಲಾಯಿತು. ಹಾಗೆ ಬರೆದೂ ಆಕೆ ಮರುದಿನ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ. ಎಲ್ಲ ಸ್ತನ ಕ್ಯಾನ್ಸರೂ ಗೋಲಿಯಂತೆ ಕೈಗೆ ಸಿಗುವುದಿಲ್ಲ. ಅಂಚಿಲ್ಲದ ದಪ್ಪ, ಒಂದು ಕಡೆ ಮಾತ್ರ ಬಿಗಿ, ಒಳಗೆ ಎಳೆದುಕೊಂಡ ತೊಟ್ಟು ಇವೂ ಅಷ್ಟೇ ಮುಖ್ಯ.

ಮೊದಲ ಪರೀಕ್ಷೆಗಳು

ವೈದ್ಯರು ಕಂಡದ್ದು: ಬಲಸ್ತನದ ಮೇಲಿನ ಹೊರಭಾಗದಲ್ಲಿ ಸುಮಾರು 4 ಸೆಂ.ಮೀ. ಗಟ್ಟಿ ಪ್ರದೇಶ, ಅಂಚು ಸ್ಪಷ್ಟವಿಲ್ಲ. ಕೈಯೆತ್ತಿಸಿದಾಗ ಚರ್ಮದಲ್ಲಿ ಸಣ್ಣ ಗುಳಿ. ತೊಟ್ಟು ಒಂದಿಷ್ಟು ಒಳಸರಿದಿದೆ. ಕಂಕುಳಲ್ಲಿ ಸುಮಾರು 1.5 ಸೆಂ.ಮೀ.ನ ಒಂದು ಗ್ರಂಥಿ, ಅಲ್ಲಾಡುತ್ತದೆ.

ಮ್ಯಾಮೊಗ್ರಾಮ್ ರಿಪೋರ್ಟ್ ಬಂದದ್ದು ಬೈರಾಡ್ಸ್ 2, ಅಂದರೆ ಹೆದರುವಂಥದ್ದಿಲ್ಲ ಎಂದು. ಸ್ತನದ ಅಂಗಾಂಶ ದಟ್ಟ ಎಂಬ ಟಿಪ್ಪಣಿಯೂ ಇತ್ತು. ಇಲ್ಲಿಗೇ ನಿಲ್ಲಿಸಿ ‘ಆರು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸುವುದು ಸುಲಭವಿತ್ತು. ಕೈಗೆ ಸಿಕ್ಕದ್ದನ್ನು ಯಂತ್ರ ಇಲ್ಲ ಎಂದರೆ ಕೈಯನ್ನೇ ನಂಬಬೇಕು. ವೈದ್ಯರು ಅಲ್ಟ್ರಾಸೌಂಡ್ ಬರೆದರು. ಅದರಲ್ಲಿ ನೆರಳು ಚೆಲ್ಲುವ ಒರಟು ಪ್ರದೇಶ, ಬೈರಾಡ್ಸ್ 4ಸಿ, ಅಂದರೆ ಕ್ಯಾನ್ಸರಿನ ಅನುಮಾನ ಬಲವಾಗಿದೆ ಎಂದು. ಕಂಕುಳ ಗ್ರಂಥಿಯ ಹೊರಪದರ ದಪ್ಪಗಾಗಿತ್ತು. ದೈಹಿಕ ಪರೀಕ್ಷೆ, ಚಿತ್ರ, ಸೂಜಿ ಬಯಾಪ್ಸಿ ಈ ಮೂರೂ ಒಂದನ್ನೊಂದು ಒಪ್ಪಬೇಕು, ಒಪ್ಪದಿದ್ದರೆ ಮುಂದಕ್ಕೆ ಹುಡುಕಬೇಕು ಎನ್ನುವುದೇ ತ್ರಿವಳಿ ಪರೀಕ್ಷೆಯ ಹುರುಳು.

ಜುಲೈಯಲ್ಲಿ, ಮಳೆ ಹಿಡಿದ ವಾರದ ಒಂದು ಶನಿವಾರ, ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ತುಣುಕು ತೆಗೆಯುವುದು) ಆಯಿತು. ಜಿಲ್ಲೆಯ ಹೊರಗಿನ ಲ್ಯಾಬಿನಿಂದ ಬಂದ ವರದಿ ಹೀಗಿತ್ತು: ಇನ್ವೇಸಿವ್ ಲೋಬ್ಯುಲರ್ ಕಾರ್ಸಿನೋಮ (ಸುತ್ತಲ ಅಂಗಾಂಶಕ್ಕೆ ನುಗ್ಗಿದ ಲೋಬ್ಯುಲರ್ ಮಾದರಿಯ ಕ್ಯಾನ್ಸರ್), ಕ್ಲಾಸಿಕಲ್ ಮಾದರಿ, ಗ್ರೇಡ್ 2. ಇ.ಆರ್. 0, ಪಿ.ಆರ್. 0, ಹರ್-2 1+. ಕೆಳಗೆ ದಪ್ಪಕ್ಷರದಲ್ಲಿ: ಟ್ರಿಪಲ್ ನೆಗೆಟಿವ್. ಇ.ಆರ್., ಪಿ.ಆರ್. ಎಂದರೆ ಕೋಶದಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಿಗಳು, ಹರ್-2 ಬೆಳವಣಿಗೆಗೆ ಪ್ರಚೋದಿಸುವ ಗ್ರಾಹಿ (1+ ಇದ್ದರೂ ನೆಗೆಟಿವ್ ಲೆಕ್ಕವೇ). ಮೂರೂ ಇಲ್ಲದ್ದು ಟ್ರಿಪಲ್ ನೆಗೆಟಿವ್, ಹಾರ್ಮೋನ್ ಮಾತ್ರೆ ಅದಕ್ಕೆ ನಾಟುವುದಿಲ್ಲ.

ಸಮಸ್ಯೆ ಎಲ್ಲಿತ್ತು

ಮೈಸೂರಿನ ಆಸ್ಪತ್ರೆಯಲ್ಲಿ ಈ ವರದಿಯ ಮೇಲೆ ಯೋಜನೆ ಸಿದ್ಧವಾಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಕಾರ್ಬೋಪ್ಲಾಟಿನ್ ಸೇರಿದ ಎಂಟು ಸುತ್ತು ಕೀಮೋ, ಸ್ತನ, ಅಂಡಾಶಯದ ಕ್ಯಾನ್ಸರಿಗೆ ಕಾರಣವಾಗುವ ಬ್ರಾಕಾ ವಂಶವಾಹಿ ದೋಷದ ಪರೀಕ್ಷೆ, ಹೆಣ್ಣುಮಕ್ಕಳಿಗೆ ಎಚ್ಚರಿಕೆ. ಟ್ರಿಪಲ್ ನೆಗೆಟಿವ್‌ಗೆ ಇದು ಸರಿಯಾದ ಯೋಜನೆಯೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕಾರ್ಡಿಗೆ ಕೀಮೋ ಮಂಜೂರಾತಿ ಬಂದಿತ್ತು, ದಿನಾಂಕವೂ ಗೊತ್ತಾಗಿತ್ತು.

ಟ್ಯೂಮರ್ ಬೋರ್ಡಿನಲ್ಲಿ, ಅಂದರೆ ಬೇರೆ ಬೇರೆ ವಿಭಾಗದ ತಜ್ಞರು ಸೇರಿ ಪ್ರಕರಣ ಚರ್ಚಿಸುವ ಸಭೆಯಲ್ಲಿ, ಕಡತ ಬಂದಾಗ ರೋಗಶಾಸ್ತ್ರಜ್ಞರೊಬ್ಬರು ಎತ್ತಿದ್ದು ಒಂದೇ ಆಕ್ಷೇಪ: ವರದಿಯ ಮೊದಲ ಸಾಲೂ ಕೊನೆಯ ಸಾಲೂ ಒಂದೇ ಗಡ್ಡೆಯ ಬಗ್ಗೆ ಮಾತಾಡುತ್ತಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಸ್ತನ ಕ್ಯಾನ್ಸರಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ‘ವಿಶೇಷ ಮಾದರಿಯಲ್ಲದ್ದು’, ಹಳೆಯ ಹೆಸರಲ್ಲಿ ಡಕ್ಟಲ್. ಅದು ಇ.ಆರ್. ಪಾಸಿಟಿವ್ ಇರಬಹುದು, ಹರ್-2 ಪಾಸಿಟಿವ್ ಇರಬಹುದು, ಮೂರೂ ಇಲ್ಲದಿರಬಹುದು. ಮಾದರಿ ನೋಡಿ ಗ್ರಾಹಿ ಊಹಿಸಲು ಆಗದು. ವಿಶೇಷ ಮಾದರಿಗಳು ಹಾಗಲ್ಲ. ಕ್ಲಾಸಿಕಲ್ ಲೋಬ್ಯುಲರ್, ಟ್ಯೂಬ್ಯುಲರ್, ಮ್ಯೂಸಿನಸ್, ಕ್ರಿಬ್ರಿಫಾರ್ಮ್ ಇವು ಹೆಚ್ಚೂಕಡಿಮೆ ಯಾವಾಗಲೂ ಇ.ಆರ್. ಪಾಸಿಟಿವ್; ಕ್ಲಾಸಿಕಲ್ ಲೋಬ್ಯುಲರ್‌ನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು. ಮೆಟಾಪ್ಲಾಸ್ಟಿಕ್, ಮೆಡುಲರಿ ಲಕ್ಷಣದವು ಸಾಮಾನ್ಯವಾಗಿ ಟ್ರಿಪಲ್ ನೆಗೆಟಿವ್. ಟ್ರಿಪಲ್ ನೆಗೆಟಿವ್ ಆಗಿಯೂ ನಿಧಾನಕ್ಕೆ ಬೆಳೆಯುವ ಅಡಿನಾಯ್ಡ್ ಸಿಸ್ಟಿಕ್, ಸಿಕ್ರೀಟರಿ ಮಾದರಿಯಂಥವು ಇವೆ, ಅಪರೂಪ. ಲೋಬ್ಯುಲರ್‌ನಲ್ಲೂ ಪ್ಲಿಯೊಮಾರ್ಫಿಕ್ ಎಂಬ ಒರಟು ಉಪಜಾತಿ ಇ.ಆರ್. ಕಳೆದುಕೊಳ್ಳಬಹುದು, ಹರ್-2 ಪಾಸಿಟಿವ್ ಆಗಬಹುದು. ಆದರೆ ಈ ಸ್ಲೈಡಿನಲ್ಲಿ ಜೀವಕೋಶದ ಕೇಂದ್ರಗಳು ಸಣ್ಣವು, ಒಂದೇ ಅಳತೆಯವು. ಇರುವೆಗಳಂತೆ ಒಂದರ ಹಿಂದೊಂದು ಸಾಲು ಹಿಡಿದಿದ್ದವು. ಪ್ಲಿಯೊಮಾರ್ಫಿಕ್ ಅಲ್ಲ.

ಗ್ರೇಡ್, ಅಂದರೆ ಗಡ್ಡೆಯ ಉಗ್ರತೆಯ ದರ್ಜೆ, ಕೂಡ ಅದನ್ನೇ ಹೇಳಿತು. ನಾಟಿಂಗ್‌ಹ್ಯಾಮ್ ಕ್ರಮದಲ್ಲಿ ಕೊಳವೆ ರಚನೆ, ಕೇಂದ್ರದ ಒರಟುತನ, ಕೋಶ ವಿಭಜನೆಯ ಎಣಿಕೆ ಮೂರಕ್ಕೂ 1ರಿಂದ 3 ಅಂಕ. ಒಟ್ಟು 3–5 ಗ್ರೇಡ್ 1, 6–7 ಗ್ರೇಡ್ 2, 8–9 ಗ್ರೇಡ್ 3. ಲೋಬ್ಯುಲರ್ ಕೊಳವೆ ಕಟ್ಟುವುದೇ ಇಲ್ಲ, ಹಾಗಾಗಿ ಆ ಅಂಕ ಮೊದಲೇ 3. ಇವರದ್ದು 3+2+1, ಒಟ್ಟು 6. ವಿಭಜನೆಗೆ 1 ಅಂಕ ಪಡೆದ ಗಡ್ಡೆ ಟ್ರಿಪಲ್ ನೆಗೆಟಿವ್ ಎನ್ನುವುದು ಅಸಾಧ್ಯವಲ್ಲ, ಅನುಮಾನಕ್ಕೆ ಮಾತ್ರ ಸಾಕು. ಟ್ರಿಪಲ್ ನೆಗೆಟಿವ್‌ನ ಬಹುಪಾಲು ಗ್ರೇಡ್ 3.

ರೋಗಿಯ ಚಹರೆಯೂ ಹೊಂದುತ್ತಿರಲಿಲ್ಲ. ಇದೇ ವರದಿ 38 ವರ್ಷದ, ಎರಡು ತಿಂಗಳಲ್ಲಿ ದುಂಡಗೆ ಬೆಳೆದ 3 ಸೆಂ.ಮೀ. ಗಂಟಿನ, ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡ ತಾಯಿಯಿದ್ದ ಹೆಂಗಸಿನದಾಗಿದ್ದರೆ ಯಾರೂ ಎರಡನೇ ಸಲ ಓದುತ್ತಿರಲಿಲ್ಲ, ಓದುವ ಅಗತ್ಯವೂ ಕಡಿಮೆ. ಇಲ್ಲಿ 57 ವರ್ಷ, ಮುಟ್ಟು ನಿಂತಿದೆ, ಆರು ತಿಂಗಳಿಂದ ಹೆಚ್ಚು ಬದಲಾಗದ ಗಟ್ಟಿ, ಮ್ಯಾಮೊಗ್ರಾಮಿನಲ್ಲಿ ಕಾಣದ ಗಡ್ಡೆ. ಕೋಶಗಳು ಸಾಲಾಗಿ ಕೊಬ್ಬಿನ ನಡುವೆ ನುಸುಳುವುದರಿಂದಲೇ ಲೋಬ್ಯುಲರ್ ಗುಡ್ಡೆ ಕಟ್ಟದೆ ಮ್ಯಾಮೊಗ್ರಾಮನ್ನು ತಪ್ಪಿಸಿಕೊಳ್ಳುತ್ತದೆ.

ಹಾಗಿದ್ದೂ ಅಷ್ಟು ಜನ ಅದನ್ನು ಪ್ರಶ್ನಿಸದೆ ಮುಂದಕ್ಕೆ ದಾಟಿಸಿದ್ದೇಕೆ? ಭಾರತದ ಆಸ್ಪತ್ರೆಗಳ ಲೆಕ್ಕದಲ್ಲಿ ಟ್ರಿಪಲ್ ನೆಗೆಟಿವ್ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ನೂರಕ್ಕೆ 10ರಿಂದ 15. ನಮ್ಮಲ್ಲಿ ರೋಗಿಗಳ ಸರಾಸರಿ ವಯಸ್ಸು ಸುಮಾರು ಹತ್ತು ವರ್ಷ ಕಡಿಮೆ ಎನ್ನುವುದೂ ಇದಕ್ಕೊಂದು ಕಾರಣ. ದಿನಾ ನೋಡುವ ಮಾತು ಕಣ್ಣಿಗೆ ಚುಚ್ಚುವುದಿಲ್ಲ. ನಮ್ಮ ಈ ದೊಡ್ಡ ಅಂಕಿಯೊಳಗೆ, ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಳಕೆಯಲ್ಲಾಗುವ ದೋಷದ ಪಾಲೂ ಇದೆ ಎಂಬ ಸಂಶಯ ರೋಗಶಾಸ್ತ್ರಜ್ಞರಲ್ಲಿ ಹಿಂದಿನಿಂದಲೂ ಇದೆ.

ಏನು ಮಾಡಿದರು

ಮೊದಲು ಹಳೆಯ ಸ್ಲೈಡು, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ತರಿಸಿದರು. ಇ.ಆರ್. ಸ್ಲೈಡಿನಲ್ಲಿ ನೋಡಬೇಕಾದದ್ದು ಗಡ್ಡೆಯನ್ನಲ್ಲ, ಅದರ ಪಕ್ಕದ ಆರೋಗ್ಯವಂತ ಹಾಲುನಾಳವನ್ನು. ಸಹಜ ನಾಳದ ಕೆಲವು ಕೋಶಗಳಾದರೂ ಕಂದು ಬಣ್ಣ ಹಿಡಿಯಬೇಕು. ಇದೇ ಒಳ ಸಾಕ್ಷಿ. ಇಲ್ಲಿ ನಾಲ್ಕು ನಾಳ ಕಂಡವು, ಒಂದರಲ್ಲೂ ಬಣ್ಣವಿಲ್ಲ. ಅಲ್ಲಿಗೆ ‘ಇ.ಆರ್. 0’ ಎನ್ನುವುದು ಫಲಿತಾಂಶವೇ ಅಲ್ಲ, ಪರೀಕ್ಷೆ ನಡೆದಿಲ್ಲ ಎಂದರ್ಥ. ಅದೇ ಬ್ಲಾಕನ್ನು ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿದರು. ಮತ್ತೆ ನಾಳವೂ ಬಿಳಿ, ಗಡ್ಡೆಯೂ ಬಿಳಿ. ದೋಷ ರಾಸಾಯನಿಕದಲ್ಲಿರಲಿಲ್ಲ, ಬ್ಲಾಕಿನಲ್ಲಿತ್ತು.

ಇದರೊಂದಿಗೆ ಇನ್ನೊಂದು ತೊಡಕು ಬಂತು. ಲೋಬ್ಯುಲರ್ ಎಂದು ಖಚಿತಪಡಿಸುವ ಇ-ಕ್ಯಾಡ್ಹೆರಿನ್ (ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನ್) ಪರೀಕ್ಷೆಯಲ್ಲಿ ಬಣ್ಣ ಹಿಡಿದಿಲ್ಲ ಎಂದು ಹಳೆಯ ವರದಿ ಹೇಳಿತ್ತು. ಲೋಬ್ಯುಲರ್‌ನಲ್ಲಿ ಅದು ಹಿಡಿಯಬಾರದು, ನಿಜ. ಆದರೆ ಸಹಜ ನಾಳವೂ ಹಿಡಿಯದ ಬ್ಲಾಕಿನಲ್ಲಿ ಆ ‘ಇಲ್ಲ’ಕ್ಕೆ ಬೆಲೆಯೇನು? ಗಡ್ಡೆಯ ಜಾತಿಯೇ ಪ್ರಶ್ನೆಗೆ ಬಿತ್ತು.

ನರ್ಸಿಂಗ್ ಹೋಮ್‌ಗೆ ಫೋನ್ ಮಾಡಿದಾಗ ಸಿಸ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು: “ಅವತ್ತು ಫಾರ್ಮಲಿನ್ ಮುಗ್ದಿತ್ತು ಸಾರ್. ಸಲೈನಲ್ಲಿ ನೆನೆಸಿದ ಬ್ಯಾಂಡೇಜ್ ಬಟ್ಟೇಲಿ ಸುತ್ತಿಟ್ವಿ. ಮರ ಬಿದ್ದು ಬಸ್ಸೂ ಬರಲಿಲ್ಲ. ಭಾನುವಾರ ಸಾಯಂಕಾಲ ಬಾಟ್ಲು ಸಿಕ್ಕಿದ ಮೇಲೆ ಹಾಕಿ, ಸೋಮವಾರ ಕಳ್ಸಿದ್ವಿ.” ಒಂದು ದಿನಕ್ಕೂ ಹೆಚ್ಚು ಹೊತ್ತು ಉಪ್ಪುನೀರಿನಲ್ಲಿದ್ದ ತುಣುಕು. ಕೋಶದ ಆಕಾರ ಅಲ್ಪಸ್ವಲ್ಪ ಉಳಿಯುತ್ತದೆ, ಆದ್ದರಿಂದ ‘ಲೋಬ್ಯುಲರ್’ ಎನ್ನುವಷ್ಟು ಓದಲು ಬಂತು. ಗ್ರಾಹಿ ಪ್ರೋಟೀನುಗಳು ಅಷ್ಟರಲ್ಲಿ ಕೊಳೆತು ಕರಗಿರುತ್ತವೆ. ಸಿಸ್ಟರ್ ಅಷ್ಟು ನೇರವಾಗಿ ಹೇಳದಿದ್ದರೆ ಕಾರಣ ತಿಳಿಯುತ್ತಲೇ ಇರಲಿಲ್ಲ. ತುಣುಕಿನ ಜೊತೆ ಲ್ಯಾಬಿಗೆ ಕಳಿಸುವ ಅರ್ಜಿಯಲ್ಲಿ ಸಮಯದ ಕಾಲಂ ಖಾಲಿ ಇತ್ತು.

ಮರುಬಯಾಪ್ಸಿ ಬೇಕು ಎಂದಾಗ ಮನೆಯವರು ಒಪ್ಪಲಿಲ್ಲ. ಮಗ, “ಕೀಮೋ ಸೋಮವಾರ ಅಂದಿದ್ರಿ. ಈಗ ಮತ್ತೆ ಚುಚ್ಚಿದ್ರೆ ಹರಡಲ್ವಾ?” ಎಂದ. ರೋಗಿಯೂ, “ಒಂದ್ಸಲ ಚುಚ್ಚಿದ್ದು ಸಾಲದಾ ಸ್ವಾಮೀ?” ಎಂದರು. ಇಲ್ಲಿ ಕೆಲಸ ಮಾಡಿದ್ದು ಅಂಕಿಅಂಶವಲ್ಲ. ಆಪ್ತಸಮಾಲೋಚಕಿ ಎರಡು ಮಾತು ಹೇಳಿದರು. “ಸೂಜಿಯಿಂದ ಕಾಯಿಲೆ ಹರಡೋದಿಲ್ಲ ಅಮ್ಮಾ, ಎರಡು ವಾರ ತಡವಾದರೆ ನಷ್ಟವೂ ಇಲ್ಲ. ಆದರೆ ಈ ರಿಪೋರ್ಟ್ ತಪ್ಪಾಗಿದ್ದರೆ, ದಿನಕ್ಕೊಂದು ಮಾತ್ರೆಯಲ್ಲಿ ಸಿಗಬೇಕಾದ ರಕ್ಷಣೆ ನಿಮಗೆ ಯಾವತ್ತೂ ಸಿಗೋದಿಲ್ಲ.” ಮಾತ್ರೆಯ ಮಾತಿಗೆ ಅವರು ಒಪ್ಪಿದರು.

ಎರಡನೇ ಬಯಾಪ್ಸಿ ಅಲ್ಟ್ರಾಸೌಂಡ್ ನೋಡುತ್ತಾ, 14 ಗೇಜಿನ ಸೂಜಿಯಲ್ಲಿ, ಐದು ತುಣುಕು. ತೆಗೆದದ್ದು 11.10ಕ್ಕೆ, ಫಾರ್ಮಲಿನ್‌ಗೆ ಬಿದ್ದದ್ದು 11.12ಕ್ಕೆ, ಎರಡೂ ಅರ್ಜಿಯ ಮೇಲೆ. ಒಂದು ದಿನ ಫಾರ್ಮಲಿನ್‌ನಲ್ಲಿಟ್ಟು ಮುಂದಿನ ಸಂಸ್ಕರಣೆ. ವರದಿ: ಇನ್ವೇಸಿವ್ ಲೋಬ್ಯುಲರ್, ಕ್ಲಾಸಿಕಲ್, ಗ್ರೇಡ್ 2. ಇ-ಕ್ಯಾಡ್ಹೆರಿನ್ ಸಹಜ ನಾಳದಲ್ಲಿ ಇದೆ, ಗಡ್ಡೆಯಲ್ಲಿ ಇಲ್ಲ. ಇ.ಆರ್. ನೂರಕ್ಕೆ 95 ಕೋಶಗಳಲ್ಲಿ ಗಾಢ, ಪಿ.ಆರ್. 60, ಹರ್-2 1+, ಅಂದರೆ ನೆಗೆಟಿವ್. ಕೋಶಗಳು ಎಷ್ಟು ಬೇಗ ಹೆಚ್ಚುತ್ತಿವೆ ಎಂದು ತೋರಿಸುವ ಕಿ-67 ನೂರಕ್ಕೆ 12. ಹರ್-2 2+ ಬಂದಿದ್ದರೆ ಅದರ ಜೀನ್ ಎಣಿಸುವ ಫಿಶ್ ಪರೀಕ್ಷೆಗೆ ಕಳಿಸಬೇಕಿತ್ತು, ಬೇಕಾಗಲಿಲ್ಲ. ಕಂಕುಳ ಗ್ರಂಥಿಯ ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶ ಸಿಕ್ಕವು.

ಲೋಬ್ಯುಲರ್ ಎಂದು ಖಚಿತವಾದ ಮೇಲೆ ಎಂಆರ್‌ಐ ಮಾಡಿಸಿದರು. ಕೈಗೆ 4 ಸೆಂ.ಮೀ. ಅನ್ನಿಸಿದ್ದು ಅದರಲ್ಲಿ 6 ಸೆಂ.ಮೀ. ಎಡಸ್ತನ ಸರಿಯಿತ್ತು. ಇಡೀ ದೇಹದ ತಪಾಸಣೆಗೆ ಪೆಟ್ ಸ್ಕ್ಯಾನ್ ಬದಲು ಸಿಟಿ ಮತ್ತು ಮೂಳೆ ಸ್ಕ್ಯಾನ್ ಆಯ್ದರು. ಲೋಬ್ಯುಲರ್ ಸಕ್ಕರೆಯನ್ನು ಕಡಿಮೆ ಹೀರುವುದರಿಂದ ಪೆಟ್‌ನಲ್ಲಿ ಮಸುಕಾಗಿ ಉಳಿಯಬಹುದು. ಹರಡಿದರೆ ಅದು ಮೂಳೆಯ ಜೊತೆಗೆ ಹೊಟ್ಟೆಯ ಒಳಪೊರೆ, ಅಂಡಾಶಯ, ಜಠರಗಳಂಥ ಅನಿರೀಕ್ಷಿತ ಜಾಗಗಳಿಗೂ ಹೋಗುತ್ತದೆ. ಎಲ್ಲೂ ಇರಲಿಲ್ಲ.

ಚಿಕಿತ್ಸೆ ಬದಲಾದ ಬಗೆ

ಶಸ್ತ್ರಚಿಕಿತ್ಸೆಗೆ ಮೊದಲಿನ ಎಂಟು ಸುತ್ತು ಕೀಮೋ ಕೈಬಿಟ್ಟರು. ಕ್ಲಾಸಿಕಲ್ ಲೋಬ್ಯುಲರ್ ಕೀಮೋಗೆ ಕರಗುವುದು ಕಡಿಮೆ. ತಿಂಗಳುಗಟ್ಟಲೆ ಕೊಟ್ಟು ಗಡ್ಡೆ ಅಷ್ಟೇ ಉಳಿದರೆ ‘ಔಷಧ ಹತ್ತುತ್ತಿಲ್ಲ’ ಎಂಬ ಇನ್ನೊಂದು ತಪ್ಪು ತೀರ್ಮಾನಕ್ಕೆ ದಾರಿ. ಈಸ್ಟ್ರೊಜೆನ್ ತಗ್ಗಿಸುವ ಲೆಟ್ರೊಜೋಲ್ ಎಂಬ ಹಾರ್ಮೋನ್ ಮಾತ್ರೆ ಕೊಟ್ಟು ಕೆಲವು ತಿಂಗಳಲ್ಲಿ ಗಡ್ಡೆ ಇಳಿಸುವ ಆಯ್ಕೆಯೂ ಮೇಜಿನ ಮೇಲಿತ್ತು. ಊರಿಂದ ಮೈಸೂರಿಗೆ ಮತ್ತೆ ಮತ್ತೆ ಓಡಾಡಿ ಅಳತೆ ನೋಡಿಸಿಕೊಳ್ಳುವುದು ಕಷ್ಟ ಎಂದು ರೋಗಿಯೇ ಆಪರೇಷನ್ ಆರಿಸಿಕೊಂಡರು.

ಪೂರ್ಣ ಸ್ತನ ತೆಗೆದು ಕಂಕುಳ ಗ್ರಂಥಿಗಳನ್ನೂ ತೆಗೆದರು. ಗಡ್ಡೆ 6.2 ಸೆಂ.ಮೀ., ಅಂಚು ಶುದ್ಧ, 16 ಗ್ರಂಥಿಯಲ್ಲಿ 3ರಲ್ಲಿ ರೋಗ. ಅಂಗರಚನೆಯ ಲೆಕ್ಕದಲ್ಲಿ ಮೂರನೇ ಹಂತದ ಎ. ದೊಡ್ಡ ತುಣುಕಿನ ಮೇಲೂ ಗ್ರಾಹಿ ಪರೀಕ್ಷೆ ಮತ್ತೆ ಮಾಡಿಸಿದರು, ಎರಡನೇ ಬಯಾಪ್ಸಿಗೆ ಹೊಂದಿತು.

ಆಪರೇಷನ್ ನಂತರ ಕೀಮೋ ಬೇಕೇ ಎಂಬುದರಲ್ಲಿ ಬೋರ್ಡಿನಲ್ಲಿ ಒಮ್ಮತವಿರಲಿಲ್ಲ. ಮುಟ್ಟು ನಿಂತ, ಕಿ-67 ಕಡಿಮೆಯಿರುವ, ಮೂರೇ ಗ್ರಂಥಿ ಇರುವವರಲ್ಲಿ ಲಾಭ ಸಣ್ಣದು. ಅದನ್ನು ಅಳೆಯುವ ಜೀನ್ ಪರೀಕ್ಷೆಯ ಖರ್ಚು ಈ ಮನೆಗೆ ಎಟುಕದು. ಗಡ್ಡೆ 5 ಸೆಂ.ಮೀ. ದಾಟಿದ್ದರಿಂದ ಡೋಸಿಟ್ಯಾಕ್ಸೆಲ್–ಸೈಕ್ಲೋಫಾಸ್ಫಮೈಡ್ ನಾಲ್ಕು ಸುತ್ತು, 21 ದಿನಕ್ಕೊಮ್ಮೆ, ಎಂದು ತೀರ್ಮಾನಿಸಿದರು. ಬೇರೆ ಬೋರ್ಡು ಬೇರೆ ತೀರ್ಮಾನಕ್ಕೆ ಬಂದಿದ್ದರೂ ತಪ್ಪೆನ್ನಲಾಗದು. ಡೋಸಿಟ್ಯಾಕ್ಸೆಲ್ ಜೊತೆ ಮೂರು ದಿನ ಕೊಡುವ ಡೆಕ್ಸಾಮೆಥಸೋನ್ ಸಕ್ಕರೆಯನ್ನು ಏರಿಸುತ್ತದೆ ಎಂದು ಗೊತ್ತಿದ್ದೂ ಮೊದಲ ಸುತ್ತಿನಲ್ಲಿ ಗಮನ ತಪ್ಪಿತು. ಸಕ್ಕರೆ 380 ಮುಟ್ಟಿತು. ಎರಡನೇ ಸುತ್ತಿನಿಂದ ಆ ಮೂರು ದಿನಕ್ಕೆ ಇನ್ಸುಲಿನ್. ಜ್ವರ 38 ಡಿಗ್ರಿ ದಾಟಿದರೆ ಮೈಸೂರಿಗೆ ಹೊರಡದೆ ಹತ್ತಿರದ ಆಸ್ಪತ್ರೆಯಲ್ಲೇ ಮೊದಲ ಡೋಸ್ ಆಂಟಿಬಯಾಟಿಕ್ ಹಾಕಿಸಿಕೊಳ್ಳಬೇಕು ಎಂಬ ಚೀಟಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕೈಗೆ ಕೊಟ್ಟಿದ್ದರು. ಒಮ್ಮೆ ಅದು ಬೇಕೂ ಆಯಿತು.

ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದು 15 ದಿನ ವಿಕಿರಣ, ಒಟ್ಟು 40 ಗ್ರೇ. ಆಮೇಲೆ ಲೆಟ್ರೊಜೋಲ್ 2.5 ಮಿ.ಗ್ರಾಂ. ದಿನಕ್ಕೊಂದು, ಕ್ಯಾಲ್ಸಿಯಂ, ವಿಟಮಿನ್ ಡಿ, ಮೂಳೆಸಾಂದ್ರತೆಯ ಸ್ಕ್ಯಾನ್. ಕನಿಷ್ಠ ಐದು ವರ್ಷ. ಲೋಬ್ಯುಲರ್ ಹತ್ತು ವರ್ಷ ಕಳೆದ ಮೇಲೂ ಮರಳಬಹುದಾದ್ದರಿಂದ ಮುಂದುವರಿಸುವ ಮಾತು ಆಗ ಬರುತ್ತದೆ. ಎರಡು ವರ್ಷ ಜೊತೆಗೆ ಕೊಡಬಹುದಾದ, ಕ್ಯಾನ್ಸರ್ ಕೋಶಗಳ ವಿಭಜನೆ ತಡೆಯುವ ಅಬೆಮಾಸಿಕ್ಲಿಬ್‌ಗೆ ಇವರು ಅರ್ಹರಿದ್ದರು, ಹಣ ಹೊಂದಲಿಲ್ಲ.

ಎಂಟು ತಿಂಗಳ ಹೊತ್ತಿಗೆ ಬೆರಳ ಗಂಟುಗಳು ಹಿಡಿದುಕೊಳ್ಳತೊಡಗಿದವು. ಕಾಫಿ ಕುಯ್ಯುವವರಿಗೆ ಬೆರಳೇ ಬಂಡವಾಳ. ಅವರು ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಆಶಾ ಮಾತ್ರೆ ಪಟ್ಟಿ ಎಣಿಸಿದಾಗ ತಿಳಿಯಿತು. ಮೂರು ವಾರ ಬಿಡುವು ಕೊಟ್ಟು ಅದೇ ಬಗೆಯ ಇನ್ನೊಂದು ಮಾತ್ರೆ ಎಕ್ಸಿಮೆಸ್ಟೇನ್‌ಗೆ ಬದಲಿಸಿದರು. ನೋವು ಪೂರ್ತಿ ಹೋಗಿಲ್ಲ, ಮಾತ್ರೆ ನಿಂತಿಲ್ಲ. ಬಲಗೈಗೆ ಬಾವು ಬರದಂತೆ ಮೂಟೆ ಹೊರುವುದು ಬಿಡಿಸಿ, ತೋಟದ ರೈಟರ್ (ಹಾಜರಿ, ಲೆಕ್ಕ ನೋಡುವವರು) ಅವರನ್ನು ನರ್ಸರಿ ಕೆಲಸಕ್ಕೆ ಹಾಕಿದ್ದಾರೆ. ಮುಳ್ಳು ಗೀರಿದರೆ, ಜಿಗಣೆ ಕಚ್ಚಿದರೆ ಆ ಕೈಯಲ್ಲಿ ಸೋಂಕು ಬೇಗ ಏರುತ್ತದೆ. ಉದ್ದ ತೋಳಿನ ಗ್ಲೌಸು, ಗಾಯವಾದ ದಿನವೇ ತೊಳೆದು ಮುಲಾಮು.

ಬೇರೆಯವರಿಗೆ ಉಪಯೋಗಕ್ಕೆ

ಮೊದಲ ಯೋಜನೆ ನಡೆದಿದ್ದರೆ ಆಗುತ್ತಿದ್ದ ದೊಡ್ಡ ನಷ್ಟ ಕೀಮೋ ಅಲ್ಲ, ಅದು ಹೇಗೂ ಸ್ವಲ್ಪ ಕೊಟ್ಟರು. ನಷ್ಟ ಹಾರ್ಮೋನ್ ಮಾತ್ರೆಯದು. ಟ್ರಿಪಲ್ ನೆಗೆಟಿವ್ ಎಂದು ಒಮ್ಮೆ ಕಡತಕ್ಕೆ ಬಿದ್ದರೆ ಆ ಮಾತ್ರೆಯನ್ನು ಯಾರೂ ಬರೆಯುವುದಿಲ್ಲ. ಮಗಳಂತೂ ಬ್ರಾಕಾ ಮಾತು ಕೇಳಿ ಎರಡು ತಿಂಗಳು ನಿದ್ದೆಗೆಟ್ಟಿದ್ದಳು. ವರದಿ ತಿದ್ದಿದ ಮೇಲೆ ಕುಟುಂಬದ ಇತಿಹಾಸ ಮತ್ತೆ ವಿಚಾರಿಸಿದರು. ಸ್ತನ, ಅಂಡಾಶಯದ ಜೊತೆಗೆ, ಲೋಬ್ಯುಲರ್‌ಗೆ ನಂಟಿರುವ ಜಠರದ ಕ್ಯಾನ್ಸರನ್ನೂ ಸೇರಿಸಿ ಕೇಳಿದರು. ಇರಲಿಲ್ಲ.

ಸಣ್ಣ ಆಸ್ಪತ್ರೆಗೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಹತ್ತು ಪ್ರತಿಶತದ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಒಂದು ಲೀಟರಿಗೆ: ಅಂಗಡಿಯ 37–40 ಪ್ರತಿಶತದ ಫಾರ್ಮಾಲ್ಡಿಹೈಡ್ ದ್ರಾವಣ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಹಾಕದೆ ಬರೀ ನೀರು ಬೆರೆಸಿಟ್ಟರೆ ದಿನ ಕಳೆದಂತೆ ಹುಳಿಯಾಗಿ ಅಂಗಾಂಶವನ್ನು ಕೆಡಿಸುತ್ತದೆ. ತುಣುಕಿನ ಗಾತ್ರದ ಹತ್ತುಪಟ್ಟಾದರೂ ದ್ರವ ಇರಬೇಕು. ತೆಗೆದ ಒಂದು ಗಂಟೆಯೊಳಗೆ ಅದರಲ್ಲಿ ಮುಳುಗಬೇಕು. ಸಣ್ಣ ತುಣುಕಾದರೂ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ. ಸ್ತನದ ದೊಡ್ಡ ತುಣುಕನ್ನು ಹಾಗೇ ಬಕೆಟ್ಟಿಗೆ ಹಾಕಿದರೆ ದ್ರವ ಒಳಗಿಳಿಯುವ ಮೊದಲೇ ನಡುಭಾಗ ಕೆಡುತ್ತದೆ. ಸೀಳಿ, ನಡುವೆ ಬ್ಯಾಂಡೇಜು ಬಟ್ಟೆ ಇಟ್ಟು ಮುಳುಗಿಸಬೇಕು. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಫಾರ್ಮಲಿನ್ ಕೆಲಸ ಮಾಡುವುದು ಇನ್ನೂ ನಿಧಾನ. ಬಾಟಲಿ ಇಲ್ಲದ ದಿನ ಬಯಾಪ್ಸಿ ಮುಂದೂಡುವುದೇ ಮೇಲು.

ವರದಿ ಕೈಗೆ ಬಂದಾಗ ರೋಗಿಯ ಕಡೆಯವರೂ ಕೇಳಬಹುದಾದ ಪ್ರಶ್ನೆಗಳಿವೆ: ಗಡ್ಡೆಯ ಮಾದರಿ ಯಾವುದು, ಗ್ರೇಡಿನ ಮೂರು ಅಂಕ ಎಷ್ಟೆಷ್ಟು, ಇ.ಆರ್. ಎಷ್ಟು ಪ್ರತಿಶತ, ಸಹಜ ನಾಳದಲ್ಲಿ ಬಣ್ಣ ಬಂದಿತ್ತೇ, ತುಣುಕು ಫಾರ್ಮಲಿನ್‌ನಲ್ಲಿ ಎಷ್ಟು ಹೊತ್ತಿತ್ತು. ನೂರಕ್ಕೆ 1 ಕೋಶ ಬಣ್ಣ ಹಿಡಿದರೂ ಇ.ಆರ್. ಪಾಸಿಟಿವ್ ಎಂದೇ ಲೆಕ್ಕ. 1ರಿಂದ 10ರೊಳಗಿದ್ದರೆ ‘ಕಡಿಮೆ ಪಾಸಿಟಿವ್’ ಎಂದು ಬೇರೆಯಾಗಿ ಬರೆಯುತ್ತಾರೆ. ಬ್ಲಾಕು ಮತ್ತು ಸ್ಲೈಡನ್ನು ಬೇರೆಡೆ ತೋರಿಸಲು ಕೇಳಿ ಪಡೆಯಬಹುದು.

ಆಪರೇಷನ್ ಆಗಿ ಎರಡು ವರ್ಷ ದಾಟಿದೆ, ರೋಗ ಮರಳಿಲ್ಲ. ಎಡಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಬರೆಯುವಾಗ ಜೊತೆಯಲ್ಲೇ ಅಲ್ಟ್ರಾಸೌಂಡನ್ನೂ ಬರೆಯುತ್ತಾರೆ. ಮೊದಲ ಗಡ್ಡೆ ಮ್ಯಾಮೊಗ್ರಾಮಿಗೆ ಕಂಡಿರಲಿಲ್ಲ ಎಂಬುದು ಕಡತದ ಮೇಲುಹಾಳೆಯಲ್ಲೇ ಕೆಂಪು ಶಾಯಿಯಲ್ಲಿದೆ.